ತೆನೆ ಹೊತ್ತ ಮಹಿಳೆಯ ಬಾವುಟ ಎಲ್ಲಿ ಮಾಡಿಸಬೇಕು? ಚಿಕ್ಕಪೇಟೆಯ ಒಂದು ಅಂಗಡಿಯ ಬಗ್ಗೆ

ನಾನು ಮದ್ದೂರು ತಾಲೂಕಿನವಳು. ಇಪ್ಪತ್ತಾರು ವರ್ಷದಿಂದ ಟೈಲರಿಂಗ್ ಮಾಡುತ್ತಿದ್ದೇನೆ. ಜೊತೆಗೆ ಜಾತ್ಯತೀತ ಜನತಾದಳದ ಕಾರ್ಯಕರ್ತೆ. ತೆನೆ ಹೊತ್ತ ಮಹಿಳೆ ನಮ್ಮ ಪಕ್ಷದ ಗುರುತು. ನಮ್ಮ ಕಡೆ ಪೂರ್ತಿ ಹೆಸರು ಯಾರೂ ಹೇಳುವುದಿಲ್ಲ, ದಳ ಅಂದರೆ ಸಾಕು. ಬಟ್ಟೆ ಗೊತ್ತಿರುವವಳು ಅಂತ ನಮ್ಮ ಹೋಬಳಿಗೆ ಬೇಕಾದ ಬಾವುಟ, ಶಾಲು, ಟೋಪಿ ತರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರು ಚುನಾವಣೆಗೆ ಒಂದೇ ಅಂಗಡಿಯಿಂದ ತರಿಸಿದ್ದೇನೆ. 2019ರ ಲೋಕಸಭೆ, 2024ರ ಲೋಕಸಭೆ, ಆಮೇಲೆ ಅದೇ ವರ್ಷ ನವೆಂಬರಿನ ಚನ್ನಪಟ್ಟಣ ಉಪಚುನಾವಣೆ. ಬೇರೆ ತಾಲೂಕಿನ ಹೆಣ್ಣುಮಕ್ಕಳು ಫೋನ್ ಮಾಡಿ ಕೇಳುತ್ತಿರುತ್ತಾರೆ, ಅದಕ್ಕೆ ಒಟ್ಟಿಗೇ ಬರೆದುಬಿಡುತ್ತಿದ್ದೇನೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಯಜಮಾನರೇ ಬೇಡ ಅಂದರು. ಅವರು ಎಲ್ಲ ಪಕ್ಷಕ್ಕೂ ಬಾವುಟ ಮಾಡುವವರು. ಒಂದು ಪಕ್ಷದವರು ಹೊಗಳಿದರು ಅಂತ ಆದರೆ ಇನ್ನೊಂದು ಪಕ್ಷದವರು ಬರುವುದಿಲ್ಲ ಅನ್ನುವುದು ಅವರ ಚಿಂತೆ. ಅದು ಸರಿಯಾದ ಮಾತೇ. ಮದ್ದೂರಿನಿಂದ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೋದಲ್ಲಿ ಒಂದೇ ನಿಲ್ದಾಣ. ಚಿಕ್ಕಪೇಟೆಯಲ್ಲಿ ಹೊರಗೆ ಬಂದರೆ ಒಳಗಲ್ಲಿಯೊಂದರಲ್ಲಿ ಮೊದಲನೇ ಮಹಡಿ. ಕೆಳಗೆ ಫಾಲ್ಸ್, ಲೈನಿಂಗ್ ಬಟ್ಟೆಯ ಅಂಗಡಿ ಇದೆ. ಮೆಟ್ಟಿಲು ಕಿರಿದು, ಮಂಡಿ ನೋವಿರುವವರು ಕೆಳಗಿನಿಂದಲೇ ಕೂಗಿದರೆ ಹುಡುಗ ಇಳಿದು ಬರುತ್ತಾನೆ.

ಮೊದಲು ಬಟ್ಟೆಯ ಮಾತು. ಸಾಮಾನ್ಯವಾಗಿ ಚುನಾವಣೆ ಬಾವುಟ ಅಂದರೆ ತೆಳು ಪಾಲಿಯೆಸ್ಟರ್. ಗಾಳಿಗೆ ಚೆನ್ನಾಗಿ ಹಾರುತ್ತದೆ, ಆದರೆ ಅಂಚು ಕಾಯಿಸಿ ಕತ್ತರಿಸಿರುತ್ತಾರೆ, ಹೊಲಿಗೆ ಇರುವುದಿಲ್ಲ. ನಾಲ್ಕು ದಿನ ಜೀಪಿನ ಮೇಲೆ ಕಟ್ಟಿದರೆ ಮೂಲೆ ಹರಿದು ದಾರ ಬಿಡುತ್ತದೆ. ಈ ಅಂಗಡಿಯಲ್ಲಿ ಅದೂ ಸಿಗುತ್ತದೆ. ಜೊತೆಗೆ ಸ್ವಲ್ಪ ದಪ್ಪನೆಯದು, ನಾಲ್ಕೂ ಕಡೆ ಅಂಚು ಮಡಿಚಿ ಹೊಲಿದದ್ದು ಸಿಗುತ್ತದೆ. 2024ರಲ್ಲಿ ತೆಳುವಾದದ್ದು ನನಗೆ 14 ರೂಪಾಯಿಗೆ, ಹೊಲಿದದ್ದು 26 ರೂಪಾಯಿಗೆ ಬಿತ್ತು. ಹಸಿರು ಶಾಲು 38. ನಾನು ಹೊಲಿದದ್ದನ್ನೇ ತರುತ್ತೇನೆ. ಕೋಲು ತೂರಿಸುವ ಮಡಿಕೆ ಅಗಲವಾಗಿರಬೇಕು ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಪ್ಲಾಸ್ಟಿಕ್ ಕಡ್ಡಿಯ ಅಳತೆಗೆ ಹೊಲಿಯುತ್ತಾರೆ. ನಮ್ಮ ಹಳ್ಳಿಯಲ್ಲಿ ಬಿದಿರು ಕೋಲು, ಅದು ಒಳಗೆ ಹೋಗುವುದಿಲ್ಲ.

ಆ ಅಂಗಡಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಅವರ ಮಾದರಿ ಪುಸ್ತಕ. ಅವರ ತಂದೆಯ ಕಾಲದಿಂದ ಮಾಡಿದ ಪ್ರತಿ ಬಾವುಟದ ಒಂದೊಂದು ತುಂಡನ್ನು ದಪ್ಪ ರಟ್ಟಿಗೆ ಅಂಟಿಸಿಟ್ಟಿದ್ದಾರೆ. ನಾವು ಬ್ಲೌಸ್ ಬಟ್ಟೆಯ ತುಂಡು ಅಂಟಿಸಿಡುತ್ತೇವಲ್ಲ, ಹಾಗೆ. ಆರ್ಡರ್ ಕೊಡುವ ಮೊದಲು ಅದನ್ನು ಕೇಳಿ ನೋಡಿ. ನಮ್ಮ ಪಕ್ಷ ಎಲ್ಲಿಂದ ಎಲ್ಲಿಗೆ ಬಂತು ಅನ್ನುವುದು ಅಲ್ಲಿ ಕೈಗೆ ಸಿಗುತ್ತದೆ.

ದಳದ ಹಾಳೆಗಳಲ್ಲಿ ಮೊದಲು ಬರುವುದು ಚಕ್ರ. ಆಗ ಅದು ಬರೀ ಜನತಾದಳ. 1996ರಲ್ಲಿ ನನಗೆ 17 ವರ್ಷ, ಹೊಲಿಗೆ ಕಲಿಯುತ್ತಿದ್ದೆ. ಅಪ್ಪ ಹಸಿರು ಪಾಪ್ಲಿನ್ ತಂದು ಕೊಡೋರು, ನಾನು ಅಂಚು ಹೊಲಿಯುತ್ತಿದ್ದೆ, ಅಣ್ಣ ಅಚ್ಚು ಇಟ್ಟು ಬಿಳಿ ಬಣ್ಣದಲ್ಲಿ ಚಕ್ರ ಬಳಿಯುತ್ತಿದ್ದ. ಆ ವರ್ಷ ಕರ್ನಾಟಕದ 28 ಲೋಕಸಭೆ ಸೀಟಿನಲ್ಲಿ 16 ನಮ್ಮದಾಯಿತು. ಇಡೀ ದೇಶದಲ್ಲಿ ಜನತಾದಳಕ್ಕೆ ಬಂದದ್ದು 46. ಅದರಲ್ಲಿ 16 ಇಲ್ಲಿಂದಲೇ! ವಾಜಪೇಯಿ ಅವರ ಸರ್ಕಾರ 13 ದಿನಕ್ಕೆ ಬಿತ್ತು. ಸಂಯುಕ್ತ ರಂಗ ಕಟ್ಟಿದರು. ತೆಲುಗು ದೇಶಂ, ಡಿಎಂಕೆ, ಅಸ್ಸಾಂ ಗಣ ಪರಿಷತ್ತು, ಹೀಗೆ ಒಂದೊಂದು ರಾಜ್ಯದ ಪಕ್ಷಗಳು ಸೇರಿದವು. ಜೂನ್ 1ಕ್ಕೆ ಹೊಳೆನರಸೀಪುರದ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾದರು. ಆವತ್ತು ನಮ್ಮೂರಿನ ಅರಳಿಕಟ್ಟೆಯ ಹತ್ತಿರ ಇದ್ದಬದ್ದ ಬಾವುಟವನ್ನೆಲ್ಲ ಕಟ್ಟಿದ್ದೆವು. ಒಂದು ಹಳ್ಳಿಯಲ್ಲಿ ಹೊಲಿದ ಬಾವುಟಕ್ಕೂ ದೆಹಲಿಗೂ ಸಂಬಂಧ ಇದೆ ಅಂತ ನನಗೆ ಗೊತ್ತಾದದ್ದು ಆ ದಿನವೇ.

ಮುಂದಿನ ವರ್ಷ ಮಾರ್ಚಿ ಕೊನೆಗೆ, ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ಅದನ್ನು ವಾಪಸ್ ತೆಗೆದುಕೊಂಡಿತು. ಏಪ್ರಿಲ್ 11ಕ್ಕೆ ವಿಶ್ವಾಸಮತ ಸೋತೆವು. ಹತ್ತು ಹನ್ನೊಂದು ತಿಂಗಳ ಅಧಿಕಾರ. ಅಪ್ಪ ಟಿವಿ ಆರಿಸಿ ಗದ್ದೆಗೆ ಹೋದರು, ಸಂಜೆತನಕ ಮಾತಾಡಲಿಲ್ಲ.

ಪುಸ್ತಕದಲ್ಲಿ ಮುಂದಿನ ಹಾಳೆ ಟ್ರ್ಯಾಕ್ಟರ್. 1999ರಲ್ಲಿ ಪಕ್ಷ ಒಡೆಯಿತು. ಚಕ್ರ ಯಾರಿಗೂ ಸಿಗಲಿಲ್ಲ. ನಮಗೆ ಟ್ರ್ಯಾಕ್ಟರ್ ಓಡಿಸುವ ರೈತ, ಒಡೆದು ಹೋದ ಸಂಯುಕ್ತ ಜನತಾದಳದವರಿಗೆ ಬಾಣ. ಆ ಸಲ ವಿಧಾನಸಭೆಯಲ್ಲಿ ನಮಗೆ 10 ಸೀಟು ಅಷ್ಟೇ. ಆಮೇಲೆ ತೆನೆ ಹೊತ್ತ ಮಹಿಳೆ ಬಂದಳು, 2004ರಲ್ಲಿ 58 ಸೀಟು ಬಂತು. ಈ ಗುರುತಿನ ಅಚ್ಚಿನ ಬಗ್ಗೆ ಒಂದು ಮಾತು ಹೇಳಬೇಕು. ಆ ಹೆಣ್ಣುಮಗಳ ತಲೆಯ ಮೇಲಿನ ತೆನೆ ಸಣ್ಣ ಸಣ್ಣ ಗೆರೆ. ಕೆಟ್ಟ ಸ್ಕ್ರೀನಿನಲ್ಲಿ ಅದು ಒಂದು ಮುದ್ದೆಯಾಗಿ ಕಾಣುತ್ತದೆ, ಹುಲ್ಲಿನ ಹೊರೆಯೋ ಮೂಟೆಯೋ ಗೊತ್ತಾಗುವುದಿಲ್ಲ. ಅಕ್ಷರ ಬಾರದ ಅಜ್ಜಿ ಗುರುತು ನೋಡಿ ಓಟು ಹಾಕುವವಳು. ಅವಳಿಗೆ ತೆನೆ ತೆನೆಯಾಗೇ ಕಾಣಬೇಕು. ಈ ಅಂಗಡಿಯ ಅಚ್ಚು ನಾನು ನೋಡಿದ್ದರಲ್ಲೇ ಸ್ವಚ್ಛ. ಕಾಳು ಕಾಳು ಎಣಿಸಬಹುದು.

ಈಗ ಮೈತ್ರಿ ಬಾವುಟಕ್ಕೆ ಬರುತ್ತೇನೆ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕೆ.

2018ರ ಮೇ 23. ವಿಧಾನಸೌಧದ ಮುಂದೆ ನಾನೂ ಇದ್ದೆ. ಕುಮಾರಣ್ಣ, ಅಂದರೆ ದೇವೇಗೌಡರ ಮಗ ಕುಮಾರಸ್ವಾಮಿ, ಕಾಂಗ್ರೆಸ್ ಜೊತೆ ಸೇರಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ನಮಗೆ ಇದ್ದದ್ದು 37 ಸೀಟು. ವೇದಿಕೆ ಮೇಲೆ ಸೋನಿಯಾ ಗಾಂಧಿ, ಮಾಯಾವತಿ, ಮಮತಾ ಬ್ಯಾನರ್ಜಿ, ಅಖಿಲೇಶ್, ಚಂದ್ರಬಾಬು ನಾಯ್ಡು, ಸೀತಾರಾಮ್ ಯೆಚೂರಿ ಎಲ್ಲ ಇದ್ದರು. ಕೈ ಕೈ ಹಿಡಿದು ಎತ್ತಿದರು. 1996 ವಾಪಸ್ ಬಂತು ಅಂತ ನಮಗೆಲ್ಲ ಅನ್ನಿಸಿತ್ತು. ಮುಂದಿನ ವರ್ಷ ಲೋಕಸಭೆಗೆ ಕಾಂಗ್ರೆಸ್ ಜೊತೆ ಸೀಟು ಹಂಚಿಕೆ ಆಯಿತು. ನಮಗೆ 8 ಸಿಕ್ಕಿತು, ಒಂದನ್ನು ವಾಪಸ್ ಕೊಟ್ಟು 7ರಲ್ಲಿ ನಿಂತೆವು, ಮಂಡ್ಯ ನಮ್ಮದು. ಆಗ ಮೊದಲ ಸಲ ಈ ಅಂಗಡಿಗೆ ಹೋದೆ. 600 ಜೋಡಿ ಬಾವುಟ ಬೇಕಿತ್ತು. ದಳದ್ದೂ ಕಾಂಗ್ರೆಸ್ಸಿನದೂ ಒಟ್ಟಿಗೆ.

ಎರಡು ರೀತಿ ಮಾಡುತ್ತಾರೆ. ಒಂದು, ಎರಡು ಪೂರ್ತಿ ಬಾವುಟ ಹೊಲಿದು, ಅಂಚಿಗೆ ಅಂಚು ಸೇರಿಸಿ ಇನ್ನೊಂದು ಹೊಲಿಗೆ ಹಾಕುವುದು. ಇನ್ನೊಂದು, ಒಂದೇ ಬಟ್ಟೆಯ ಮೇಲೆ ಅರ್ಧ ಅವರದ್ದು, ಅರ್ಧ ನಮ್ಮದು ಅಚ್ಚು ಹಾಕುವುದು. ನಾನು ಮೊದಲನೆಯದನ್ನೇ ಕೇಳಿದೆ. ಟೈಲರ್ ಆಗಿ ನನಗೆ ಗೊತ್ತು, ಬೇರೆ ಬೇರೆ ಅಂಚು ಇರುವ ಎರಡು ಬಟ್ಟೆ ಸೇರಿಸಿದರೆ ಎಳೆತ ಹಂಚಿಕೊಳ್ಳುತ್ತದೆ, ಹರಿಯುವುದು ಕಡಿಮೆ.

ಆ ಆರ್ಡರಿನಲ್ಲಿ ಒಂದು ತೊಂದರೆಯಾಯಿತು. ಏಪ್ರಿಲ್ ಮಳೆ ಹೊಡೆಯಿತು, ಹಸಿರು ಬಣ್ಣ ಬಿಟ್ಟಿತು. ನಮ್ಮ ಹುಡುಗರ ಬಿಳಿ ಷರ್ಟಿಗೆಲ್ಲ ಹತ್ತಿತು. ಪಕ್ಕದ ಬಾವುಟದ ಬಿಳಿಯೂ ಹಸಿರಾಯಿತು. ನಾನು ಹತ್ತು ಬಾವುಟ ಚೀಲಕ್ಕೆ ಹಾಕಿಕೊಂಡು ಬೆಳಗಿನ ರೈಲಿಗೇ ಹೋದೆ. ಯಜಮಾನರು ವಾದ ಮಾಡಲಿಲ್ಲ. ಬಕೆಟ್ ನೀರು ತರಿಸಿ ಅದ್ದಿ ನೋಡಿದರು, ಬಣ್ಣ ಬಿಡುವುದು ಅವರ ಕಣ್ಣಿಗೇ ಕಂಡಿತು. 200 ಬಾವುಟ ಬದಲಿಸಿ ಕೊಟ್ಟರು, ಮೂರು ದಿನ ತೆಗೆದುಕೊಂಡರು. ಪ್ರಚಾರದಲ್ಲಿ ಮೂರು ದಿನ ದೊಡ್ಡದು. ಆ ಕಾರಣಕ್ಕೆ ಒಂದು ಸ್ಟಾರ್ ಕಡಿಮೆ ಕೊಡುತ್ತೇನೆ. ಅಲ್ಲಿಂದ ಈಚೆಗೆ ನಾನು ಮೊದಲು ಒಂದೇ ಒಂದು ಬಾವುಟ ತರಿಸಿ, ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ನೋಡಿಯೇ ಉಳಿದದ್ದಕ್ಕೆ ಹೂಂ ಅನ್ನುತ್ತೇನೆ. ನೀವೂ ಹಾಗೇ ಮಾಡಿ.

ಆ ಚುನಾವಣೆಯಲ್ಲಿ ಬಾವುಟ ಹೊಲಿದಷ್ಟು ಸುಲಭವಾಗಿ ಜನ ಸೇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ದಳ, ಕಾಂಗ್ರೆಸ್ ಅಂದರೆ ತಲೆತಲಾಂತರದ ಎದುರಾಳಿಗಳು. ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ, ಎಲ್ಲ ಕಡೆ ಎದುರುಬದುರು. ಬೆಂಗಳೂರಿನಲ್ಲಿ ಕೈ ಕುಲುಕಿದ ತಕ್ಷಣ ಊರಿನಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಹಿಡಿಯಬೇಕು ಅಂದರೆ ಹೇಗೆ? ಎರಡೂ ಕಡೆಯವರಿಗೂ ಕಷ್ಟವಾಯಿತು. ಮೂಟೆಗಳಲ್ಲಿ ಅರ್ಧ ಹಾಗೇ ಉಳಿಯಿತು. ಸುಮಲತಾ ಅವರು ಪಕ್ಷೇತರರಾಗಿ ನಿಂತು ಒಂದೂಕಾಲು ಲಕ್ಷಕ್ಕೂ ಜಾಸ್ತಿ ಓಟಿನಿಂದ ಗೆದ್ದರು. ತುಮಕೂರಿನಲ್ಲಿ ದೇವೇಗೌಡರೇ ಸೋತರು. 7ರಲ್ಲಿ ಹಾಸನ ಒಂದೇ ಬಂದದ್ದು. ಜುಲೈಯಲ್ಲಿ ಸರ್ಕಾರವೂ ಹೋಯಿತು.

ಆಗ ನಾನು ಮಾಡಿದ ಒಂದು ಕೆಲಸ ಹೇಳಬೇಕು. ಉಳಿದಿದ್ದ ಸುಮಾರು 300 ಜೋಡಿ ಬಾವುಟ ಮನೆಗೆ ತಂದೆ. ರಾತ್ರಿ ಕೂತು ನಡುವಿನ ಹೊಲಿಗೆ ಬಿಚ್ಚಿದೆ. ನನ್ನ ಮಗಳೂ ಕೂತಳು. ದಾರ ಬಿಚ್ಚಿದರೆ ದಳದ ಬಾವುಟ ಪೂರ್ತಿ ಬಾವುಟವಾಗಿ ಕೈಗೆ ಬಂತು. ನಾಲ್ಕೂ ಅಂಚು ನೆಟ್ಟಗಿತ್ತು. ಕಾಂಗ್ರೆಸ್ಸಿನವನ್ನು ಕಟ್ಟಿ ನಮ್ಮೂರಿನ ಅವರ ಕಡೆಯ ಹಿರಿಯರ ಮನೆಗೆ ಕೊಟ್ಟು ಬಂದೆ. "ಇರಲಿ ಬಿಡವ್ವ, ಚೆನ್ನಾಗಿ ಹೊಲಿದವ್ರೆ" ಅಂದು ಕಾಫಿ ಕೊಟ್ಟರು. 2023ರ ವಿಧಾನಸಭೆಗೆ ನಾವು ಒಂಟಿಯಾಗಿ ನಿಂತಾಗ ಆ ಬಾವುಟಗಳೇ ನಮ್ಮ ಹೋಬಳಿಯಲ್ಲಿ ಹಾರಿದವು. 19 ಸೀಟು ಬಂತು. ಸೋಲೇ ಅದು, ಆದರೆ ಬಾವುಟ ಇತ್ತು.

ಮಾದರಿ ಪುಸ್ತಕದಲ್ಲಿ 2021ರ ಹಾಳೆ ಒಂದಿದೆ. ಅದೇ ತೆನೆ ಹೊತ್ತ ಮಹಿಳೆ, ಕೆಳಗೆ ಮಲಯಾಳಂ ಅಕ್ಷರ. ಕೇರಳದ ವಿಧಾನಸಭೆ ಚುನಾವಣೆಗೆ ಮಾಡಿದ್ದು ಅಂದರು. ಅಲ್ಲಿ ದಳ ಎಡರಂಗದ ಜೊತೆ ಇತ್ತು. ಚಿತ್ತೂರು, ತಿರುವಲ್ಲ ಎರಡು ಸೀಟು ಗೆದ್ದಿತು, ಒಬ್ಬರು ಮಂತ್ರಿಯೂ ಆದರು. 2023ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಷ ಬಿಜೆಪಿಯ ಎನ್‌ಡಿಎ ಕೂಟ ಸೇರಿದಾಗ ಕೇರಳದವರು ನಾವು ಬರುವುದಿಲ್ಲ ಅಂದು ಅಲ್ಲೇ ಉಳಿದರು. ಆಗ ಒಂದೇ ಗುರುತು ಕೇರಳದಲ್ಲಿ ಕೆಂಪು ಬಾವುಟದ ಪಕ್ಕ, ಇಲ್ಲಿ ಕಮಲದ ಪಕ್ಕ ಇತ್ತು. ಪುಸ್ತಕದಲ್ಲಿ ಎರಡೂ ಹಾಳೆ ಅಕ್ಕಪಕ್ಕವೇ ಇವೆ. ಅದನ್ನು ನೋಡಿ ನನಗೆ ನೋವಾಯಿತು. ಹೆಸರಿನಲ್ಲಿ ಜಾತ್ಯತೀತ ಅಂತ ಇಟ್ಟುಕೊಂಡ ಪಕ್ಷ ಇದು. ನಮ್ಮ ಬೀದಿಯ ಸಾಬರ ಮನೆಯವರು ಮೂವತ್ತು ವರ್ಷ ನಮ್ಮ ಜೊತೆ ಬಾವುಟ ಹಿಡಿದವರು, ಆ ವರ್ಷ ಬಾಗಿಲಲ್ಲೇ ನಿಂತು "ಏನಕ್ಕಾ ಇದು" ಅಂದರು. ಉತ್ತರ ಕೊಡಲು ನನಗೆ ಆಗಲಿಲ್ಲ.

ಹಾಗಾದರೆ ಯಾಕೆ ಇದ್ದೀಯ ಅಂತ ಕೇಳುತ್ತಾರೆ. ಮಂಡ್ಯದವಳಾಗಿ ನನ್ನ ಉತ್ತರ ಕಾವೇರಿ. ಪಕ್ಕದ ತಮಿಳುನಾಡು ನೋಡಿ. 2004ರಲ್ಲಿ ಡಿಎಂಕೆ ಕೂಟ 39ಕ್ಕೆ 39 ಗೆದ್ದು ದೆಹಲಿಗೆ ಹೋಯಿತು. ಅದಕ್ಕೆ ಮೊದಲು 1999ರಲ್ಲಿ ಜಯಲಲಿತಾ ಬೆಂಬಲ ವಾಪಸ್ ತೆಗೆದರು, ವಾಜಪೇಯಿ ಸರ್ಕಾರ ಒಂದೇ ಓಟಿನಲ್ಲಿ ಬಿತ್ತು. ದೆಹಲಿಯಲ್ಲಿ ಯಾರೇ ಕೂತರೂ ಅವರ ಮಾತು ಕೇಳಬೇಕಿತ್ತು. ನಮ್ಮಲ್ಲಿ ನೀರು ಬಿಡಿ ಅಂತ ಆದೇಶ ಬಂದಾಗಲೆಲ್ಲ ಮದ್ದೂರಿನ ಹೆದ್ದಾರಿಯಲ್ಲಿ ಕೂತು ಕೂಗುವುದಷ್ಟೇ ನಮ್ಮ ಪಾಲು. ನಾನೂ ಕೂತಿದ್ದೇನೆ. ನಮ್ಮದೇ ಅಂತ ಒಂದು ಪಕ್ಷ ದೆಹಲಿಯಲ್ಲಿ ಎರಡು ಕುರ್ಚಿಯಾದರೂ ಇಟ್ಟುಕೊಂಡಿರಲಿ ಅನ್ನುವುದು ನನ್ನ ಆಸೆ. ಅದು ಯಾರ ಪಕ್ಕದ ಕುರ್ಚಿ ಅನ್ನುವುದು ನನಗೆ ಮುಖ್ಯವಲ್ಲ ಅಂತ ಹೇಳಲಾರೆ. ಮುಖ್ಯವೇ. ಆದರೆ ಕುರ್ಚಿಯೇ ಇಲ್ಲದಿರುವುದು ಇನ್ನೂ ಕಷ್ಟ.

2024ಕ್ಕೆ ನಮಗೆ ಸಿಕ್ಕಿದ್ದು ಮೂರೇ ಸೀಟು. ಮಂಡ್ಯ, ಹಾಸನ, ಕೋಲಾರ. ಗೌಡರ ಅಳಿಯ ಡಾಕ್ಟರ್ ಮಂಜುನಾಥ್ ಕೂಡ ಬೆಂಗಳೂರು ಗ್ರಾಮಾಂತರದಲ್ಲಿ ಕಮಲದ ಗುರುತಿನಲ್ಲೇ ನಿಂತರು. ಮಾರ್ಚಿಯಲ್ಲಿ 1,200 ಜೋಡಿ ಬಾವುಟಕ್ಕೆ ಅಂತ ಮತ್ತೆ ಚಿಕ್ಕಪೇಟೆ ಮೆಟ್ಟಿಲು ಹತ್ತಿದೆ.

"ಅಕ್ಕಾವ್ರೇ, ಈ ಸಲ ಒಂದೇ ಬಟ್ಟೇಲಿ ಎರಡೂ ಹಾಕ್ಬಿಡೋಣ. ಜೋಡಿಗೆ ಒಂಬತ್ತು ರೂಪಾಯಿ ಉಳಿಯುತ್ತೆ. ಎಲ್ರೂ ಅದನ್ನೇ ಮಾಡಿಸ್ತಿದಾರೆ" ಅಂದರು ಯಜಮಾನರು.

"ಬೇಡ ಅಣ್ಣ. ನಂಗೆ ಬೇರೆ ಬೇರೆ ಬಾವುಟ ಹೊಲಿದೇ ಸೇರಿಸಿಕೊಡಿ. ನಾಳೆ ಬಿಚ್ಚಿದ್ರೆ ಎರಡೂ ನಿಲ್ಬೇಕು" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನನ್ನು ಕರೆದು ಹಾಗೇ ಬರೆಸಿದರು. ಬಂದ ಮೊದಲ ಮೂಟೆ ಬಿಚ್ಚಿದರೆ ನಮ್ಮ ಬಾವುಟ ಎರಡು ಇಂಚು ಚಿಕ್ಕದು! ಕಮಲದ್ದು ಪೂರ್ತಿ ಅಳತೆ. ಫೋನ್ ಮಾಡಿದೆ. ಬೇರೆ ಜಿಲ್ಲೆಯವರು ಕೊಟ್ಟ ಅಳತೆಯಲ್ಲೇ ಕತ್ತರಿಸಿಬಿಟ್ಟಿದ್ದಾರೆ, ಅಲ್ಲಿ ಅಭ್ಯರ್ಥಿ ಬಿಜೆಪಿಯವರು. ಇಲ್ಲಿ ಅಭ್ಯರ್ಥಿ ನಮ್ಮವರು, ಎರಡೂ ಸಮ ಇರಲೇಬೇಕು ಅಂದೆ. ಎರಡು ಇಂಚಿನ ಮಾತು ಸಣ್ಣದಲ್ಲ. ಬಾವುಟ ಹಿಡಿಯುವ ಹುಡುಗ ಅದನ್ನು ನೋಡುತ್ತಾನೆ, ನೋಡಿ ಏನೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. ಆ ಮೂಟೆ ವಾಪಸ್ ಹೋಯಿತು, ಎರಡನೇ ದಿನವೇ ಸರಿಯಾದದ್ದು ಬಂತು. ಸಾಗಣೆ ಖರ್ಚು ಅವರೇ ಹಾಕಿಕೊಂಡರು.

ಬೇರೆ ಬೇರೆ ಬಾವುಟ ಇರುವುದರಿಂದ ಇನ್ನೊಂದು ಅನುಕೂಲ ಇದೆ. ಚುನಾವಣಾ ಆಯೋಗದ ನಿಯಮದಲ್ಲಿ ಪ್ರಚಾರದ ಕಾರಿಗೆ ಒಂದೇ ಬಾವುಟ, ಮೂರಡಿ ಎರಡಡಿ ಅಳತೆ ಮೀರಬಾರದು. ಮೈತ್ರಿ ಇದ್ದರೆ ಸೇರಿದ ಪಕ್ಷಗಳದ್ದು ಒಂದೊಂದು ಹಾಕಬಹುದು. ಕಾರಿಗೆ ಕಟ್ಟುವವನ್ನು ನಾನು ಜೋಡಿ ಹೊಲಿಸುವುದೇ ಇಲ್ಲ, ಬಿಡಿಬಿಡಿಯಾಗಿ ತರಿಸುತ್ತೇನೆ. ಅಧಿಕಾರಿಗಳು ಟೇಪು ಹಿಡಿದರೂ ಭಯವಿಲ್ಲ.

ಬಿಲ್ಲಿನ ವಿಷಯದಲ್ಲಿ ಈ ಅಂಗಡಿಗೆ ಪೂರ್ತಿ ಅಂಕ. ಕೇಳುವ ಮೊದಲೇ ಜಿಎಸ್‌ಟಿ ಬಿಲ್ ಕೊಡುತ್ತಾರೆ. ಎಷ್ಟು ಬಾವುಟ, ಯಾವ ಅಳತೆ, ಒಂದಕ್ಕೆ ಎಷ್ಟು, ಎಲ್ಲ ಬರೆದಿರುತ್ತದೆ. ಲೋಕಸಭೆ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ, ಅದರಲ್ಲಿ ಈ ಬಾವುಟವೂ ಸೇರುತ್ತದೆ. 10 ಸಾವಿರ ದಾಟಿದರೆ ನಗದು ಕೊಡುವಂತಿಲ್ಲ, ಅಭ್ಯರ್ಥಿಯ ಚುನಾವಣಾ ಖಾತೆಯಿಂದಲೇ ಹೋಗಬೇಕು. ಅದು ಅವರಿಗೆ ಗೊತ್ತಿದೆ, ನಗದು ಕೊಡಿ ಅಂತ ಒತ್ತಾಯಿಸುವುದಿಲ್ಲ. ನಿಡಘಟ್ಟದ ಚೆಕ್‌ಪೋಸ್ಟಿನಲ್ಲಿ ನಮ್ಮ ಗಾಡಿ ನಿಲ್ಲಿಸಿದಾಗ ಬಿಲ್ ತೋರಿಸಿದೆ, ಹತ್ತು ನಿಮಿಷದಲ್ಲಿ ಬಿಟ್ಟರು. ಹಿಂದಿನ ಗಾಡಿಯವರ ಹತ್ತಿರ ಬಿಲ್ ಇರಲಿಲ್ಲ, ಸಾಮಾನೆಲ್ಲ ಅಲ್ಲೇ ಇಳಿಯಿತು.

ಫಲಿತಾಂಶ ನಿಮಗೆ ಗೊತ್ತು. ಮಂಡ್ಯದಲ್ಲಿ ಕುಮಾರಣ್ಣ 2,84,000ಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಕೋಲಾರವೂ ಬಂತು, ಹಾಸನ ಕೈತಪ್ಪಿತು. ಬಿಜೆಪಿಗೆ ಬಹುಮತಕ್ಕೆ ಸಾಲದ 240 ಬಂದದ್ದರಿಂದ ಸೇರಿದ ಪಕ್ಷಗಳಿಗೆಲ್ಲ ಬೆಲೆ ಬಂತು. ತೆಲುಗು ದೇಶಂಗೆ 16, ನಿತೀಶ್ ಅವರಿಗೆ 12, ನಮಗೆ 2. ಆ ಎರಡು ಸೀಟಿಗೇ ಕುಮಾರಣ್ಣನಿಗೆ ಸಂಪುಟ ದರ್ಜೆ ಸಿಕ್ಕಿತು, ಭಾರಿ ಕೈಗಾರಿಕೆ ಮತ್ತು ಉಕ್ಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಶುರುವಿನಲ್ಲೇ ಆಗಿತ್ತು, ಈಗ ಅದು ಅವರ ಖಾತೆಗೇ ಬರುತ್ತದೆ. ಆ ಕುಲುಮೆ ಮತ್ತೆ ಉರಿದರೆ, ಯಾರ ಪಕ್ಕ ಕೂತಿರಿ ಅಂತ ಕೇಳುವ ನಮ್ಮ ಬೀದಿಯವರಿಗೆ ನಾನು ಒಂದು ಮಾತಾದರೂ ಹೇಳಬಹುದು. ಅದಕ್ಕೆ ಕಾಯುತ್ತಿದ್ದೇನೆ.

ಚನ್ನಪಟ್ಟಣಕ್ಕೆ 250 ಜೋಡಿ ಮಾತ್ರ ತರಿಸಿದ್ದು. ನಮ್ಮ ಅಭ್ಯರ್ಥಿ, ಕುಮಾರಣ್ಣನ ಮಗ ನಿಖಿಲ್ 25 ಸಾವಿರಕ್ಕೂ ಜಾಸ್ತಿ ಓಟಿನಿಂದ ಸೋತರು. ಆ ಆರ್ಡರಿನಲ್ಲಿ ಹೊಲಿಗೆ ದಾರ ಸ್ವಲ್ಪ ಸಡಿಲ ಇತ್ತು, ಅವಸರದ ಕೆಲಸ. ಚುನಾವಣೆ ಘೋಷಣೆಯಾಗಿ ಎರಡು ವಾರದೊಳಗೆ ಬೇಕು ಅಂದರೆ ಹೊರಗಿನ ಕೆಲಸಗಾರರ ಹತ್ತಿರ ಹೊಲಿಸುತ್ತಾರೆ, ಗುಣಮಟ್ಟ ಇಳಿಯುತ್ತದೆ. ಒಂದು ತಿಂಗಳು ಮೊದಲೇ ಹೇಳಿ. ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಅದನ್ನೂ ತಿಳಿದುಕೊಂಡಿರಿ. ಟೋಪಿ ಇಲ್ಲಿ ತೆಗೆದುಕೊಳ್ಳಬೇಡಿ, ಅಳತೆ ಚಿಕ್ಕದು.

ಎಷ್ಟು ಸಣ್ಣ ಆರ್ಡರ್ ಆದರೂ ತಿರಸ್ಕಾರ ಇಲ್ಲ. ನಾನು 250 ಕೇಳಲು ಹೋದ ದಿನ ಪಕ್ಕದಲ್ಲೇ ದೊಡ್ಡ ಪಕ್ಷದವರು ಹತ್ತಾರು ಸಾವಿರದ ಆರ್ಡರ್ ಹಿಡಿದು ಕೂತಿದ್ದರು. ಯಜಮಾನರು ನನಗೂ ಅಷ್ಟೇ ಹೊತ್ತು ಕೂತು ಹಸಿರು ಬಣ್ಣದ ಮೂರು ಛಾಯೆ ತೋರಿಸಿದರು, ಬೆಳಕಿಗೆ ಹಿಡಿದು ಯಾವುದು ಅಂತ ಕೇಳಿದರು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಚುನಾವಣೆ 2016ರಲ್ಲಿ ಆದದ್ದೇ ಕೊನೆ, ಯಾವಾಗ ಬೇಕಾದರೂ ಬರಬಹುದು ಅನ್ನುತ್ತಾರೆ. ಆಗ ಮೈತ್ರಿ ಇರುತ್ತದೋ ಇಲ್ಲವೋ ನಮ್ಮ ಮಟ್ಟದಲ್ಲಿ ಯಾರಿಗೂ ಗೊತ್ತಿಲ್ಲ. ಕಳೆದ ವಾರ 1,450 ಜೋಡಿಯಲ್ಲಿ ಉಳಿದಿರುವುದನ್ನು ಎಣಿಸಿದೆ, 410 ಇವೆ. ನಡುವಿನ ಹೊಲಿಗೆ ಇನ್ನೂ ಬಿಚ್ಚಿಲ್ಲ. ಬೇವಿನ ಸೊಪ್ಪು ಹಾಕಿ ಟ್ರಂಕಿನಲ್ಲಿ ಮಡಿಸಿ ಇಟ್ಟಿದ್ದೇನೆ.